ಫೋಟೊಕ್ಕೆ ಸಿಗದ ಕಳೆ

ಗಂಗಾವತಿಯ ಓದುಗರೊಬ್ಬರು ಹೆಸರು ಹಾಕಬೇಡಿ ಎಂಬ ವಿನಂತಿಯೊಂದಿಗೆ ಬರೆದಿರುವ ಪತ್ರದ ಸಾರವಿದು: “ನನಗೆ 26 ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೂರು ಮನೆಯವರು ಫೋಟೊ ನೋಡಿಯೇ ಹುಡುಗಿ ಕಪ್ಪು ಎಂದು ಬೇಡವೆಂದರು. ಆದರೆ ಭತ್ತ ತರುವ ರೈತರು ತೂಕದ ಚೀಟಿ ಓದಿಸಿಕೊಳ್ಳಲು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ‘ನಿನ್ನ ಮುಖದಾಗ ಕಳೆ ಐತಿ’ ಎನ್ನುತ್ತಾಳೆ ಅಜ್ಜಿ. ಒಬ್ಬರು ಇನ್ನೊಬ್ಬರಿಗೆ ಹಿಡಿಸುವುದು ಯಾವುದರಿಂದ? ಔಷಧಿ ಅಂಗಡಿಯವರು ಕೊಟ್ಟ, ಬೆಳ್ಳಗಾಗುವ ಕ್ರೀಮು ಹಚ್ಚಲೇ?”

ಸೋದರಿ, ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಹಚ್ಚಬೇಡಿ. ಹೀಗೆ ಕೈಗೆ ಸಿಗುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಲವು ವಾರ ಮುಖ ತಿಳಿಯಾದಂತೆ ಕಂಡರೂ ಬರಬರುತ್ತ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು, ಮೊಡವೆ ಮತ್ತು ಕೂದಲು ಹೆಚ್ಚಬಹುದು, ಬಿಟ್ಟರೆ ಉರಿ. ಈಗಾಗಲೇ ಹಚ್ಚಿದ್ದರೆ ಚರ್ಮವೈದ್ಯರಿಗೆ ಆ ಟ್ಯೂಬನ್ನೇ ತೋರಿಸಿ.

ಇನ್ನು ಮುಖ್ಯ ಪ್ರಶ್ನೆ. ರೂಪಕ್ಕೆ ಬೆಲೆಯಿಲ್ಲ, ಗುಣವೇ ಎಲ್ಲ ಎಂದು ಬರೆದು ನಿಮ್ಮನ್ನು ಸಮಾಧಾನಪಡಿಸಬಹುದಿತ್ತು, ಆದರೆ ಅದು ನಿಜವಲ್ಲವೆಂದು ಮೂರು ಮನೆಗಳು ನಿಮಗೆ ಆಗಲೇ ತಿಳಿಸಿವೆ. ಅಮೆರಿಕದ ಮನಶ್ಶಾಸ್ತ್ರಜ್ಞರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಫೋಟೊಗಳನ್ನಷ್ಟೇ ನೋಡಿದ ವಿದ್ಯಾರ್ಥಿಗಳು ಚೆಲುವಾದ ಮುಖದವರ ಸ್ವಭಾವವೂ ಒಳ್ಳೆಯದು, ಅವರ ಬಾಳೂ ಸುಖದ್ದು ಎಂದು ಊಹಿಸಿಬಿಟ್ಟರು. ಕಂಡದ್ದು ಮುಖ, ತೀರ್ಮಾನಿಸಿದ್ದು ಇಡೀ ಮನುಷ್ಯನನ್ನು. ನಿಮ್ಮ ವಿಷಯದಲ್ಲಿ ಆದದ್ದೂ ಇದೇ, ತಿರುವುಮುರುವಾಗಿ. ಎರೆ ಹೊಲದ ಕಪ್ಪನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಮ್ಮ ಸೀಮೆಯ ಹಿರಿಯರಿಗೆ ಸೊಸೆಯ ಮೈಬಣ್ಣ ಮಾತ್ರ ಕಪ್ಪಿರಬಾರದು ಎಂಬುದು ನನಗೆ ಎಂದೂ ಅರ್ಥವಾಗಿಲ್ಲ.

ಆದರೆ ಫೋಟೊ ಒಂದು ಕ್ಷಣದ್ದು, ಪರಿಚಯ ಹಾಗಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಮೋರ್‌ಲ್ಯಾಂಡ್ ಮತ್ತು ಬೀಚ್ ಎಂಬಿಬ್ಬರು 1992ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ನೋಟದಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ನಾಲ್ವರು ಯುವತಿಯರಲ್ಲಿ ಒಬ್ಬಳು ದೊಡ್ಡ ತರಗತಿಯೊಂದಕ್ಕೆ ಒಮ್ಮೆಯೂ ಹೋಗಲಿಲ್ಲ. ಉಳಿದವರು ಕ್ರಮವಾಗಿ 5, 10 ಮತ್ತು 15 ಸಲ ಹೋಗಿ, ಯಾರೊಡನೆಯೂ ಮಾತಾಡದೆ ಕುಳಿತು ಬಂದರು. ಕೊನೆಗೆ ನಾಲ್ವರ ಚಿತ್ರಗಳನ್ನು ತೋರಿಸಿದಾಗ, ಹೆಚ್ಚು ಸಲ ಬಂದವಳೇ ವಿದ್ಯಾರ್ಥಿಗಳಿಗೆ ಹೆಚ್ಚು ಆಕರ್ಷಕಳಾಗಿ ಕಂಡಳು. ಮೊದಲೇ ಮನಸ್ಸು ಕಹಿಯಾಗಿದ್ದರೆ ಮತ್ತೆ ಮತ್ತೆ ಕಾಣುವುದರಿಂದ ಕಹಿ ಹೆಚ್ಚುವುದೂ ಉಂಟು, ಅದು ಬೇರೆ ಮಾತು.

ನೀವಾದರೋ ಸುಮ್ಮನೆ ಕುಳಿತವರಲ್ಲ. ಲಾರಿ ಸಾಲಿನಲ್ಲಿ ನಿಂತು ಬೇಸತ್ತ ರೈತನಿಗೆ, ತೇವಾಂಶಕ್ಕೆಂದು ಎಷ್ಟು ಕಿಲೊ ಕಡಿದರು ಎಂಬುದನ್ನು ಚೀಟಿ ಹಿಡಿದು ಬಿಡಿಸಿ ಹೇಳುವವರು. ತನ್ನ ಮಾತಿಗೆ ಕಿವಿಗೊಟ್ಟವರ ಕಡೆ ಮನುಷ್ಯ ವಾಲುತ್ತಾನೆ, ಆ ವಾಲಿಕೆಯಲ್ಲಿ ಮುಖವೂ ಚೆಂದ ಕಾಣತೊಡಗುತ್ತದೆ. ನಿಮ್ಮ ಅಜ್ಜಿ ‘ಬಣ್ಣ’ ಎನ್ನದೆ, ‘ರೂಪ’ ಎನ್ನದೆ ‘ಕಳೆ’ ಎಂದದ್ದು ಇದನ್ನೇ ಇರಬೇಕು: ಮಾತಾಡುವಾಗ, ನಗುವಾಗ, ಕೇಳುವಾಗ ಮುಖದ ಮೇಲೆ ಬಂದು ಹೋಗುವಂಥದ್ದು, ಸ್ಟುಡಿಯೋದ ಪರದೆಯ ಮುಂದೆ ಅಲುಗಾಡದೆ ಕೂರಿಸಿದಾಗ ಇಲ್ಲವಾಗುವಂಥದ್ದು.

ಆದ್ದರಿಂದ ಮುಂದಿನ ಮನೆಯವರು ಫೋಟೊ ಕೇಳಿದರೆ, ಅದನ್ನು ಕಳಿಸುವ ಮೊದಲು ಸುಗ್ಗಿಯಲ್ಲಿ ಒಮ್ಮೆ ಗಿರಣಿಯ ಕಡೆ ಬಂದು ಹೋಗಿ ಎಂದು ನಿಮ್ಮ ತಂದೆಯವರಿಂದ ಹೇಳಿಸಿ. ಬರಲು ಒಪ್ಪದವರಿಗೆ ಫೋಟೊ ಕಳಿಸುವ ಅಗತ್ಯವೂ ಉಳಿಯುವುದಿಲ್ಲ.

— ಸಂ.