ಕಂಪ್ಯೂಟರ್ ಒಳಗೆ ಅನಂತ ಹಿಡಿಸುತ್ತದೆಯೇ?

ಭೌತಿಕ ವ್ಯವಸ್ಥೆಗಳಲ್ಲಿನ ಅನಂತವನ್ನು ಕಂಪ್ಯೂಟರ್ ಸಿಮ್ಯುಲೇಟ್ ಮಾಡಬಲ್ಲದೇ ಎಂದು ಕೇಳಿದ್ದೀರಿ. ಅನಂತವನ್ನು ಒಳಗೆ ತುಂಬಲು ಆಗುವುದಿಲ್ಲ. ಆದರೆ ಅನಂತ ವ್ಯವಸ್ಥೆ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಬಹುದು.

ಪ್ರೋಗ್ರಾಮಿಂಗ್‌ನಲ್ಲಿ ಇನ್ಫಿನಿಟಿ ಇದೆ ಅಲ್ವಾ ಎನ್ನಬಹುದು. ಅದು ಸುಮ್ನೆ ಒಂದು ಗುರುತು. 64 ಬಿಟ್‌ನ ದಶಮಾಂಶ ಲೆಕ್ಕ ಸುಮಾರು 1.8 × 10³⁰⁸ ದಾಟಿದರೆ ಆ ಗುರುತು ಬೀಳುತ್ತದೆ. ನನ್ನ ಸಿಮ್ಯುಲೇಶನ್‌ನಲ್ಲಿ ಅದು ಕಂಡರೆ ಎಲ್ಲೋ ಲೆಕ್ಕ ಕೆಟ್ಟಿದೆ ಎಂದೇ ತಿಳಿಯುತ್ತೇನೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಅಯಸ್ಕಾಂತದ ಐಸಿಂಗ್ ಮಾದರಿ. ಚೌಕಗಳ ಹಾಸು, ಪ್ರತಿ ಮನೆಯಲ್ಲಿ ಒಂದು ಸ್ಪಿನ್, ಅಂದರೆ ಪುಟ್ಟ ಅಯಸ್ಕಾಂತ, ಅದರ ಮುಖ ಮೇಲಕ್ಕೆ ಇಲ್ಲವೇ ಕೆಳಕ್ಕೆ. ಪ್ರತಿಯೊಂದೂ ಪಕ್ಕದ ನಾಲ್ಕು ಸ್ಪಿನ್‌ಗಳ ಮಾತನ್ನಷ್ಟೇ ಕೇಳುತ್ತದೆ. ಹಾಸು ಅನಂತವಾಗಿದ್ದರೆ ತಾಪ 2.269 ಮುಟ್ಟಿದಾಗ (ಸ್ಪಿನ್‌ಗಳ ಸೆಳೆತವನ್ನು 1 ಎಂದಿಟ್ಟುಕೊಂಡು) ಕಾಂತತ್ವ ಪೂರ್ತಿ ಮಾಯವಾಗುತ್ತದೆ. ವಿಜ್ಞಾನಿ ಲಾರ್ಸ್ ಒನ್ಸಾಗರ್ 1944ರಲ್ಲಿ ಪ್ರಕಟಿಸಿದ ಲೆಕ್ಕದಿಂದ ಬಂದದ್ದು ಇದು. ಹಾಸು ಸೀಮಿತವಾಗಿದ್ದರೆ ಅಂಥ ಚೂಪಾದ ತಿರುವು ಇರುವುದೇ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ತಾಪದೊಂದಿಗೆ ನಯವಾಗಿ ಬದಲಾಗುವ ಸೀಮಿತ ಸಂಖ್ಯೆಯ ಗಣಿತದ ಪದಗಳು, ಅವನ್ನು ಎಷ್ಟು ಕೂಡಿದರೂ ಮೊತ್ತ ನಯವಾಗಿಯೇ ಇರುತ್ತದೆ.

ಹಾಗಾದರೆ ಕಂಪ್ಯೂಟರ್ ಏನು ಮಾಡಬೇಕು? ಮೊದಲು ಬಲ ಅಂಚಿನ ಸ್ಪಿನ್‌ಗೆ ಎಡ ಅಂಚಿನದನ್ನೇ ನೆರೆಯಾಗಿಸುತ್ತೇವೆ, ಮೇಲಿನ ಅಂಚಿಗೆ ಕೆಳಗಿನದನ್ನು. ಅಂಚುಗಳು ಹೋದವು, ಆದರೆ ಹಾಸು ಇನ್ನೂ ಚಿಕ್ಕದೇ. ಆಮೇಲೆ 16, 32, 64, 128 ಮನೆ ಅಗಲದ ಹಾಸುಗಳನ್ನು ಒಂದೊಂದಾಗಿ ಓಡಿಸುತ್ತೇವೆ. ಹೊರಗಿನ ಸಣ್ಣ ಕಾಂತಕ್ಷೇತ್ರಕ್ಕೆ ಅವು ಎಷ್ಟು ಓಗೊಡುತ್ತವೆ ಎಂದು ತಾಪ ಬದಲಿಸುತ್ತಾ ಅಳೆದರೆ ಒಂದು ತಾಪದಲ್ಲಿ ಶಿಖರ ಕಾಣುತ್ತದೆ. ಅಗಲ ಎರಡು ಪಟ್ಟಾದಾಗಲೆಲ್ಲ ಶಿಖರದ ಎತ್ತರ ಸುಮಾರು 3.4 ಪಟ್ಟಾಗುತ್ತದೆ. 2.269ರಿಂದ ಅದು ಇರುವ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಶಿಖರ ಇರುವ ತಾಪವನ್ನು 1/ಅಗಲದ ಎದುರು ಗುರುತು ಹಾಕಿ ಗೆರೆ ಎಳೆಯಿರಿ. 1/ಅಗಲ ಸೊನ್ನೆಯಾಗುವಲ್ಲಿ ಗೆರೆ ಮುಟ್ಟುವ ತಾಪವೇ ಅನಂತ ಹಾಸಿನ ಉತ್ತರ. ಇದರ ಹೆಸರು ಫೈನೈಟ್ ಸೈಜ್ ಸ್ಕೇಲಿಂಗ್, ಇದನ್ನು ಬೆಳೆಸಿದವರಲ್ಲಿ ಭೌತವಿಜ್ಞಾನಿ ಮೈಕಲ್ ಫಿಶರ್ ಮುಖ್ಯರು.

ಇದನ್ನು ಅಂದಾಜಿನ ಆಟ ಎಂದು ತಳ್ಳಿಹಾಕಬೇಡಿ. ನಿಮ್ಮ ಕೈಯಲ್ಲಿರುವ ಅಯಸ್ಕಾಂತವೂ ಅನಂತವಲ್ಲ, ಅದರಲ್ಲಿ ತುಂಬಾ ಪರಮಾಣುಗಳಿವೆ ಅಷ್ಟೇ. ಮೂರು ಆಯಾಮದ ಐಸಿಂಗ್ ಮಾದರಿಗಂತೂ ಒನ್ಸಾಗರ್ ಕೊಟ್ಟಂಥ ನಿಖರ ಉತ್ತರ ಇವತ್ತಿಗೂ ಯಾರ ಬಳಿಯೂ ಇಲ್ಲ. ಅಲ್ಲಿ ತಿರುವಿನ ತಾಪ 4.5115ರ ಹತ್ತಿರ ಎಂದು ಇಷ್ಟು ನಿಖರವಾಗಿ ಗೊತ್ತಾದದ್ದರಲ್ಲಿ ಸೀಮಿತ ಹಾಸುಗಳನ್ನು ಹೀಗೆ ಓಡಿಸಿದ್ದರ ಪಾಲು ದೊಡ್ಡದು.