ಮೇಣ ಹಚ್ಚಿದ ಕ್ಯಾನ್ವಾಸ್ ಬ್ಯಾಗನ್ನು ಸೋಪಿನ ಪುಡಿಯಲ್ಲಿ ತೊಳೆಯಬಹುದಾ? ಮಳೆಗೆ ಒಳಗೆ ನೀರು ಇಳೀತಿದೆ, ಏನು ಮಾಡಲಿ?

ದಯವಿಟ್ಟು ನೆನೆಹಾಕಬೇಡಿ, ವಾಷಿಂಗ್ ಮೆಷಿನ್‌ಗಂತೂ ಹಾಕಲೇಬೇಡಿ. ಸೋಪು, ಬಿಸಿನೀರು ಎರಡೂ ಮೇಣ ಬಿಡಿಸಿಬಿಡುತ್ತವೆ. ಡ್ರೈ ಕ್ಲೀನಿಂಗ್ ಇನ್ನೂ ಕೆಟ್ಟದ್ದು, ಅಲ್ಲಿ ಬಳಸೋ ದ್ರಾವಣ ಮೇಣವನ್ನೇ ಕರಗಿಸುತ್ತೆ. ನಾನು ಒಂದು ಅಂಗಡಿಗೆ ಕೊಟ್ಟು ಅನುಭವಿಸಿದ್ದೀನಿ. ಅದೇ ವಾರ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬೈಕಲ್ಲಿ ಹೊರಟಾಗ ಭರಮಸಾಗರದ ಹತ್ರ ಮಳೆ ಹಿಡೀತು. ಬ್ಯಾಗಲ್ಲಿದ್ದ ಜಮೀನಿನ ಪಹಣಿ ಒದ್ದೆ ಮುದ್ದೆಯಾಗಿತ್ತು.

ಕೊಳೆಗೆ ತಣ್ಣೀರು, ಸ್ಪಂಜು ಸಾಕು. ಪೂರ್ತಿ ಒಣಗಿದ ಮೇಲೆ ಅಲ್ಲಲ್ಲಿ ಒಂದು ಚಮಚ ನೀರು ಬಿಟ್ಟು ನೋಡಿ. ಕೆಸುವಿನ ಎಲೆ ಮೇಲಿನ ಹಾಗೆ ಹನಿ ಉರುಳಿದರೆ ಮೇಣ ಇದೆ. ಬಟ್ಟೆ ಕಪ್ಪಗಾಗಿ ನೀರು ಕುಡಿದರೆ ಅಲ್ಲಿ ಹೋಗಿದೆ. ಸಾಮಾನ್ಯವಾಗಿ ಮೂಲೆ, ಮಡಿಕೆ, ಹೊಲಿಗೆ ಸಾಲಲ್ಲೇ ಹೋಗಿರುತ್ತೆ.

ಬರೀ ಮೇಣದಬತ್ತಿ ಕರಗಿಸಿ ಹಚ್ಚಬೇಡಿ, ಮಡಿಚಿದ ಕಡೆ ಬಿರುಕು ಬಿಟ್ಟು ಬಿಳಿ ಪುಡಿ ಉದುರುತ್ತೆ. ಜೇನುಮೇಣ ಸೇರಿಸಬೇಕು. ನಮ್ಮ ಅಜ್ಜಿಯರು ಕುಂಕುಮದ ಕೆಳಗೆ ಹಚ್ಚಿಕೊಳ್ತಿದ್ದರಲ್ಲ, ಅದೇ ಮೇಣ. ಗ್ರಂಥಿಗೆ ಅಂಗಡಿಯಲ್ಲಿ ಕೇಳಿ. ಅದು ಕರಗೋದು ಸುಮಾರು 62ರಿಂದ 64 ಡಿಗ್ರಿಗೆ. ನಮ್ಮ ಕಡೆ ಬಿಸಿಲು ನೋಡಿ ನಾನು ಎರಡು ಪಾಲು ಜೇನುಮೇಣಕ್ಕೆ ಒಂದು ಪಾಲು ಮೇಣದಬತ್ತಿ ಹಾಕ್ತೀನಿ.

ಮೇಣದ ಪಾತ್ರೆ ನೇರ ಉರಿ ಮೇಲೆ ಇಡಲೇಬೇಡಿ. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಚಿಕ್ಕ ಸ್ಟೀಲ್ ಪಾತ್ರೆ ಕೂರಿಸಿ ಕರಗಿಸಿ. ಅಪ್ಪಿತಪ್ಪಿ ಹೊತ್ತಿಕೊಂಡರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ, ನೀರು ಮಾತ್ರ ಸುರಿಯಬೇಡಿ. ಹಳೆ ಬ್ರಷ್ಷಿನಲ್ಲಿ ತೀರಾ ತೆಳ್ಳಗೆ ಬಳಿಯಿರಿ, ಹೊಲಿಗೆಗೆ ಎರಡು ಸಲ. ಬಳಿದ ಕೂಡಲೇ ಅದು ಬೆಳ್ಳಗೆ ಗಟ್ಟಿಯಾಗಿ ನೋಡೋಕೆ ಬೇಜಾರಾಗುತ್ತೆ, ಹೆದರಬೇಡಿ. ಹೇರ್ ಡ್ರೈಯರ್ ಹಿಡಿದರೆ ಬಿಳುಪು ಒದ್ದೆಯ ಹಾಗೆ ಹೊಳೆದು, ಆಮೇಲೆ ಆ ಹೊಳಪೂ ನೂಲಿನೊಳಗೆ ಇಳಿದು ಮಾಯವಾಗುತ್ತೆ. ಆ ಕ್ಷಣಕ್ಕೇ ಕಾಯಬೇಕು. ಮೇಣ ಒಳಗೆ ಇಳಿದಿದ್ದರೆ ಮಾತ್ರ ನೀರು ನಿಲ್ಲೋದು, ಮೇಲೆ ಕೂತಿದ್ದರೆ ಉದುರಿಹೋಗುತ್ತೆ. ಹೆಚ್ಚಾದದ್ದನ್ನು ಬಿಸಿ ಇರುವಾಗಲೇ ಹಳೆ ಪಂಚೆಯಲ್ಲಿ ಒರೆಸಿ, ಒಂದು ದಿನ ನೆರಳಲ್ಲಿ ನೇತುಹಾಕಿ.

ಅಗಸೆ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಹಿಂದೆ ಹಡಗಿನ ಹಾಯಿಗೆ ಅದನ್ನೇ ಬಳೀತಿದ್ದರು, ಹಳದಿ ತಿರುಗಿ ಚಳಿಗೆ ಸೆಟೆದುಕೊಳ್ತಿತ್ತು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಟ್ಟರೆ ತಾನಾಗಿಯೇ ಬೆಂಕಿ ಹತ್ತುವುದೂ ಉಂಟು.

ನಾನು ವರ್ಷಕ್ಕೊಮ್ಮೆ, ರೋಹಿಣಿ ಮಳೆಗೆ ಮುಂಚೆ ಹಚ್ಚಿ ಮುಗಿಸ್ತೀನಿ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಟ್ಯಾಂಕ್ ಮೇಲೆ ಬ್ಯಾಗ್ ಬಿಡಬೇಡಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತೆ. ಹೊಸದಾಗಿ ಹಚ್ಚಿದ ಮೊದಲೆರಡು ದಿನ ಬಿಳಿ ಅಂಗಿ ಮೇಲೆ ಹೆಗಲಿಗೆ ಹಾಕಬೇಡಿ, ಬೆನ್ನಿಗೆಲ್ಲ ಮೇಣ ಅಂಟುತ್ತೆ.