ಅಟ್ಟವನ್ನು ಕೋಣೆ ಮಾಡುವ ಬಗ್ಗೆ ನೀವು ಕೇಳಿದ್ದಕ್ಕೆ

ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಎರಡು ಮಲಗುವ ಕೋಣೆಗಳ ಹಳೆಯ ಸಾಲುಮನೆಯೊಂದನ್ನು ಕೊಂಡಿದ್ದೀರಿ. ಬೇಸಿಗೆಯಲ್ಲಿ ನಿಮ್ಮ ಅತ್ತೆ, ಮಾವ ಊರಿನಿಂದ ಆರು ತಿಂಗಳ ಮಟ್ಟಿಗೆ ಬರುತ್ತಾರೆ, ಅಷ್ಟರೊಳಗೆ ಅಟ್ಟಕ್ಕೆ ಹಲಗೆ ಹಾಸಿ, ಒಂದು ಕಿಟಕಿ ಇಡಿಸಿ, ಅವರಿಗೊಂದು ಕೋಣೆ ಮಾಡಿಕೊಡಬಹುದೇ ಎಂದು ‘ಅಕ್ಕಾ’ ಎಂದು ಕರೆದು ಕೇಳಿದ್ದೀರಿ. ಇದೇ ಊರಿನ ಇಂಥದೇ ಇಟ್ಟಿಗೆ ಮನೆಯಲ್ಲಿ ಹದಿನೇಳು ವರ್ಷದಿಂದ ಇದ್ದು, ಅಟ್ಟವನ್ನು ಒಮ್ಮೆ ತಪ್ಪಾಗಿಯೂ ಇನ್ನೊಮ್ಮೆ ಸರಿಯಾಗಿಯೂ ಮಾಡಿಸಿದವಳು ನಾನು. ನನ್ನ ಉತ್ತರ ಇಷ್ಟೇ: ಕೋಣೆಯನ್ನು ಖಂಡಿತ ಮಾಡಿಸಿ, ಆದರೆ ಅದರಲ್ಲಿ ನೀವು ಮಲಗಿ, ಹಿರಿಯರಿಗೆ ಕೆಳಗಿನ ಕೋಣೆಯನ್ನೇ ಬಿಟ್ಟುಕೊಡಿ.

ಇದಕ್ಕೆ ಕಾರಣ ಮೆಟ್ಟಿಲು. ಇಲ್ಲಿಯ ಕಟ್ಟಡ ನಿಯಮ ಮನೆಯೊಳಗಿನ ಮೆಟ್ಟಿಲಿಗೆ 42 ಡಿಗ್ರಿಯವರೆಗಿನ ಇಳಿಜಾರನ್ನು ಒಪ್ಪುತ್ತದೆ, ಸಣ್ಣ ಮನೆಗಳಲ್ಲಿ ಜಾಗವಿಲ್ಲದ ಕಾರಣ ಅಟ್ಟದ ಮೆಟ್ಟಿಲು ಸಾಮಾನ್ಯವಾಗಿ ಆ ಮಿತಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಮೇಲೆ ಸ್ನಾನದ ಮನೆ ಇಲ್ಲದಿದ್ದರೆ ಮಂಡಿನೋವಿನ ಹಿರಿಯರು ರಾತ್ರಿ ಎರಡು ಬಾರಿ ಅದನ್ನು ಇಳಿದು ಹತ್ತಬೇಕು. ನನ್ನ ತಾಯಿ ಬಂದಿದ್ದಾಗ ಮೊದಲ ವಾರ ನಗುತ್ತಲೇ ಹತ್ತಿದರು, ಎರಡನೆಯ ವಾರ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟರು. ಅದು ನನ್ನ ಗಮನಕ್ಕೆ ಬಂದದ್ದು ತಡವಾಗಿ, ಅವರಿಗೆ ಉರಿಮೂತ್ರ ಶುರುವಾದ ಮೇಲೆ. ಇನ್ನೊಂದು ಮಾತು: ಮೆಟ್ಟಿಲು ಕೆಳಗಿನ ಮಹಡಿಯಿಂದಲೂ ಜಾಗ ಕೇಳುತ್ತದೆ. ಈಗಿರುವ ಮೆಟ್ಟಿಲಿನ ಮೇಲೆಯೇ ಹೊಸದು ಬರುವಂತೆ ನಕ್ಷೆ ಮಾಡಿಸಿದರೆ ನಷ್ಟ ಕಡಿಮೆ. ಹಾಗಾಗದಿದ್ದರೆ ಹಿಂದಿನ ಸಣ್ಣ ಕೋಣೆಯ ಒಂದು ಮೂಲೆ ಹೋಗುತ್ತದೆ, ಆಗ ಮೇಲೆ ಗಳಿಸಿದ್ದರಲ್ಲಿ ಅರ್ಧ ಕೆಳಗೆ ಕಳೆದಂತೆ.

‘ಹಲಗೆ ಹಾಸಿದರಾಯಿತಲ್ಲವೇ’ ಎಂದು ಬರೆದಿದ್ದೀರಿ. ಆಗುವುದಿಲ್ಲ. ನಿಮ್ಮ ಅಟ್ಟದಲ್ಲಿ ಈಗ ಕಾಣುವ ಜಂತಿಗಳು ಕೆಳಗಿನ ಕೋಣೆಯ ಸೀಲಿಂಗನ್ನು ಹಿಡಿದು ನಿಲ್ಲಿಸಲು ಇಟ್ಟವು, ಮನುಷ್ಯರ ಓಡಾಟಕ್ಕಲ್ಲ. ವಾಸದ ನೆಲವು ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋ ಭಾರ ತಾಳುವಂತಿರಬೇಕು ಎಂಬ ಲೆಕ್ಕದಲ್ಲಿ ಎಂಜಿನಿಯರು ಹೊಸ ಜಂತಿಗಳನ್ನು, ಬೇಕಾದಲ್ಲಿ ಉಕ್ಕಿನ ತೊಲೆಗಳನ್ನು ಗುರುತಿಸಿಕೊಡುತ್ತಾರೆ. ಹೊಸ ಜಂತಿಗಳು ಹಳೆಯವುಗಳ ನಡುವೆ, ಕೆಳಗಿನ ಗಾರೆಗೆ ತಾಗದ ಹಾಗೆ ಸ್ವಲ್ಪ ಎತ್ತರದಲ್ಲಿ ಕೂರುತ್ತವೆ. ತೊಲೆಯ ತುದಿ ಪಕ್ಕದ ಮನೆಯವರ ಜೊತೆಗಿನ ಗೋಡೆಯೊಳಗೆ ಹೋಗುವುದಾದರೆ 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಎರಡು ತಿಂಗಳು ಮೊದಲೇ ಅವರಿಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ಅಂಚೆಯಲ್ಲಿ ತಲುಪುವ ಮೊದಲು ನೀವೇ ಹೋಗಿ ನಕ್ಷೆ ತೋರಿಸಿ ಮಾತಾಡಿ ಬನ್ನಿ.

ಅನುಮತಿಯ ವಿಷಯದಲ್ಲಿ ಹೊಸಬರೆಲ್ಲ ಎರಡನ್ನು ಒಂದೇ ಎಂದುಕೊಳ್ಳುತ್ತಾರೆ. ಪ್ಲ್ಯಾನಿಂಗ್ ಅನುಮತಿ ಮನೆಯ ಹೊರರೂಪಕ್ಕೆ ಸಂಬಂಧಿಸಿದ್ದು. ಸಾಲುಮನೆಗೆ ಮಾಡಿನ ಮೇಲೆ 40 ಘನ ಮೀಟರಿನವರೆಗೆ, ರಸ್ತೆಯ ಕಡೆಯ ಇಳಿಜಾರನ್ನು ಮುಟ್ಟದೆ ಹೆಚ್ಚಿಸಿಕೊಂಡರೆ, ಉಳಿದ ನಿಬಂಧನೆಗಳೂ ಪಾಲನೆಯಾದರೆ, ಬಹಳಷ್ಟು ಕಡೆ ಬೇರೆ ಅರ್ಜಿ ಬೇಕಾಗುವುದಿಲ್ಲ. ಸಂರಕ್ಷಿತ ಪ್ರದೇಶವಾದರೆ ಮಾತು ಬೇರೆ, ಮೊದಲು ಕೌನ್ಸಿಲಿನಲ್ಲಿ ವಿಚಾರಿಸಿ. ಕಟ್ಟಡ ನಿಯಮದ ಒಪ್ಪಿಗೆ ಮಾತ್ರ ವಾಸದ ಕೋಣೆ ಎಂದ ಮೇಲೆ ಯಾವ ಮನೆಗೂ ತಪ್ಪಿದ್ದಲ್ಲ. ಇನ್‌ಸ್ಪೆಕ್ಟರು ಹಂತಹಂತವಾಗಿ ಬಂದು ನೋಡಿ ಕೊನೆಯಲ್ಲಿ ಪೂರ್ಣಗೊಂಡ ಪ್ರಮಾಣಪತ್ರ ಕೊಡುತ್ತಾರೆ. ಆ ಕಾಗದವಿಲ್ಲದ ಕೋಣೆಯನ್ನು ಮಾರುವಾಗ ಏಜೆಂಟರು ಮಲಗುವ ಕೋಣೆ ಎಂದು ಬರೆಯಲು ಹಿಂಜರಿಯುತ್ತಾರೆ, ‘ಲಾಫ್ಟ್ ರೂಮ್’ ಎಂದಷ್ಟೇ ಬರೆಯುತ್ತಾರೆ. ಅದಕ್ಕಿಂತ ದೊಡ್ಡ ಮಾತು ಬೆಂಕಿಯದು. ಎರಡು ಅಂತಸ್ತಿನ ಮನೆ ಮೂರಾದಾಗ ಮೇಲಿದ್ದವರಿಗೆ ಕಿಟಕಿಯಿಂದ ಜಿಗಿಯುವ ದಾರಿ ಇರುವುದಿಲ್ಲ. ಆದ್ದರಿಂದ ಮೆಟ್ಟಿಲಿನ ದಾರಿಗೆ ತೆರೆಯುವ ಕೋಣೆಗಳಿಗೆ ಬೆಂಕಿ ತಡೆಯುವ ಬಾಗಿಲುಗಳೂ, ಪ್ರತಿ ಮಹಡಿಯಲ್ಲಿ ಒಂದಕ್ಕೊಂದು ಜೋಡಿಸಿದ ಹೊಗೆಯ ಅಲಾರಮ್‌ಗಳೂ ಇರಬೇಕು. ಇದರಲ್ಲಿ ಹಣ ಉಳಿಸಬೇಡಿ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ನಾನು ಬೆಳೆದದ್ದು ಮಲೆನಾಡಿನ ಸಾಗರದ ಕಡೆಯ ಹೆಂಚಿನ ಮನೆಯಲ್ಲಿ. ಅಲ್ಲಿ ಅಟ್ಟವೆಂದರೆ ಸೌತೆಕಾಯಿ ತೂಗುಹಾಕುವ, ಹಪ್ಪಳದ ಡಬ್ಬಿ, ತಾಮ್ರದ ಹಂಡೆ ಇಡುವ ಜಾಗ. ಒಲೆಯ ಹೊಗೆ ಮೇಲೇರಿ ಹೆಂಚಿನ ಸಂದಿನಲ್ಲಿ ಹೊರಗೆ ಹೋಗುತ್ತಿದ್ದುದರಿಂದ ಆಷಾಢದ ಮಳೆಯಲ್ಲೂ ಅಲ್ಲಿ ಸಾಮಾನು ಒಣಗಿರುತ್ತಿತ್ತು. ಈ ದೇಶದಲ್ಲಿ ಚಳಿ ತಡೆಯಲು ಎಲ್ಲ ಸಂದನ್ನೂ ಮುಚ್ಚುತ್ತೇವೆ. ನಮ್ಮ ಮನೆಯ ಮೊದಲ ಕೆಲಸಗಾರ ಪಕಾಸಿಗಳ ನಡುವೆ ಇನ್ಸುಲೇಷನ್ ಉಣ್ಣೆಯನ್ನು ಸೂರಿನ ಕೊನೆಯವರೆಗೂ ಬಿಗಿಯಾಗಿ ತುರುಕಿದ್ದ. ಚೆನ್ನಾಗಿ ಬೆಚ್ಚಗಿರುತ್ತದೆ ಎಂದು ನಾನೂ ಸಂತೋಷಪಟ್ಟೆ. ಜನವರಿಯ ಒಂದು ಬೆಳಿಗ್ಗೆ ಸೂರಿನ ಪಕ್ಕದ ಸಣ್ಣ ಬಾಗಿಲು ತೆಗೆದು ಟಾರ್ಚ್ ಹಾಕಿದಾಗ ಮಾಡಿಗೆ ಹೊದಿಸಿದ ಸ್ಲೇಟು ಕಲ್ಲುಗಳ ಮೊಳೆಗಳ ತುದಿಯಲ್ಲಿ ಒಂದೊಂದು ನೀರಹನಿ ಸಾಲಾಗಿ ಹೊಳೆಯುತ್ತಿತ್ತು. ರೀಪುಗಳ ಮೇಲೆ ಕಪ್ಪು ಬೂಷ್ಟು, ಕೆಳಗಿಟ್ಟಿದ್ದ ಪೆಟ್ಟಿಗೆಯಲ್ಲಿ ನನ್ನ ಮದುವೆಯ ರೇಷ್ಮೆ ಸೀರೆಗೆ ಮುಗ್ಗಲು ವಾಸನೆ. ಅಡುಗೆಯ ಆವಿ, ಸ್ನಾನದ ಆವಿ, ಒಳಗೆ ಒಣಗಿಸುವ ಬಟ್ಟೆಯ ತೇವ, ಎಲ್ಲವೂ ಬಿಸಿಗಾಳಿಯೊಡನೆ ಮೇಲೇರಿ ತಣ್ಣನೆಯ ಮಾಡನ್ನು ಮುಟ್ಟಿದೊಡನೆ ನೀರಾಗಿ ಬಿಡುತ್ತದೆ. ನಮ್ಮ ಅಡುಗೆಯಲ್ಲಿ ಕುಕ್ಕರು, ಇಡ್ಲಿ ಪಾತ್ರೆ ದಿನವೂ ಆವಿ ಬಿಡುವುದರಿಂದ ನಮಗೆ ಇದು ಇನ್ನೂ ಮುಖ್ಯ.

ಎರಡನೆಯ ಸಲ ಎಲ್ಲವನ್ನೂ ಬಿಚ್ಚಿಸಿ, ಸ್ಲೇಟುಗಳ ಅಡಿಗೆ ಹಾಸಿದ್ದ, ನೀರು ತಡೆಯುವ ಹಳೆಯ ಫೆಲ್ಟು ಹಾಳೆಯ ಕೆಳಗೆ 50 ಮಿಲಿಮೀಟರು ಗಾಳಿ ಓಡಾಡುವ ಸಂದು ಬಿಟ್ಟು, ಗಟ್ಟಿ ಫೋಮ್ ಹಲಗೆಗಳನ್ನು ಪಕಾಸಿಗಳ ನಡುವೆಯೂ ಅವುಗಳ ಕೆಳಗೂ ಕೂರಿಸಿ, ಕೋಣೆಯ ಬದಿಯಲ್ಲಿ, ಆವಿ ಮಾಡಿನತ್ತ ನುಸುಳದಂತೆ ಹಾಳೆ ಹೊಡೆದು ಅಂಚುಗಳನ್ನೆಲ್ಲ ಟೇಪಿನಿಂದ ಮುಚ್ಚಿಸಿದೆವು. ಆಮೇಲೆ ಹನಿ ಕಂಡಿಲ್ಲ. ಪ್ಲಾಸ್ಟರ್ ಹಲಗೆ ಹೊಡೆಯುವ ಮುಂಚೆ ಆ ಸಂದನ್ನು ನೀವೇ ಕಣ್ಣಾರೆ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಬೇಸಿಗೆಯನ್ನೂ ಮರೆಯಬೇಡಿ: 2022ರ ಜುಲೈ 19ರಂದು ಈ ದೇಶದ ತಾಪಮಾನ ಮೊದಲ ಬಾರಿ 40 ಡಿಗ್ರಿ ದಾಟಿದಾಗ ನಾವು ಹಾಸಿಗೆ ಎತ್ತಿಕೊಂಡು ಕೆಳಗೆ ಬಂದೆವು. ಮಾಡಿನ ಕಿಟಕಿಗೆ ಪರದೆಯನ್ನು ಗಾಜಿನ ಹೊರಗಡೆಗೆ ಹಾಕಿಸಿ, ಬಿಸಿಲು ಒಳಬಂದ ಮೇಲೆ ತಡೆದು ಪ್ರಯೋಜನವಿಲ್ಲ.

ಪೀಠೋಪಕರಣ ಕೊಳ್ಳುವ ಮೊದಲು ಮೆಟ್ಟಿಲಿನ ತಿರುವನ್ನು ಅಳೆಯಿರಿ. ಎರಡು ತುಂಡಾಗಿ ಬರುವ ದಿವಾನ್ ಮಂಚ, ಸುರುಳಿ ಸುತ್ತಿ ಬರುವ ಹಾಸಿಗೆ, ಬಿಡಿಬಿಡಿಯಾಗಿ ಜೋಡಿಸುವ ಕಪಾಟು ಮಾತ್ರ ಮೇಲೇರುತ್ತವೆ. ಇಳಿಜಾರಿನ ಕೆಳಗೆ ಮಂಚದ ಕಾಲ ಕಡೆ ಬರಲಿ, ಎದ್ದು ನಿಲ್ಲುವ ಕಡೆ ಪೂರ್ಣ ಎತ್ತರ ಇರಲಿ. ತಗ್ಗಿನ ಅಂಚಿಗೆ ಗಿಡ್ಡ ಗೋಡೆ ಕಟ್ಟಿಸಿ ಅದರ ಹಿಂದೆ ಗಾಲಿಯ ಡ್ರಾಯರುಗಳನ್ನು ಇಟ್ಟರೆ ಎರಡು ಬೀರುವಿನಷ್ಟು ಸಾಮಾನು ಅಡಗುತ್ತದೆ. ಪುಸ್ತಕದ ಕಪಾಟನ್ನು ಜಂತಿಗಳ ನಡುಮಧ್ಯಕ್ಕಿಡದೆ ಗೋಡೆಯ ಹತ್ತಿರ ಇಡಿ. ದೇವರ ಮನೆಯನ್ನು ಮೇಲೆ ಮಾಡುವ ಆಸೆಯಿದೆ ಎಂದಿದ್ದೀರಿ. ದೀಪ ಹಚ್ಚುವ ಜಾಗದ ಮೇಲೆ ಇಳಿಜಾರು ಸೀಲಿಂಗು ಹತ್ತಿರವಿರುವುದರಿಂದಲೂ, ಊದುಬತ್ತಿಯ ಹೊಗೆಗೆ ಮನೆಯ ಅಲಾರಮ್‌ಗಳೆಲ್ಲ ಒಟ್ಟಿಗೆ ಕೂಗುವುದರಿಂದಲೂ ಅದು ಕೆಳಗೇ ಇರುವುದು ಒಳ್ಳೆಯದು, ಅತ್ತೆಯವರಿಗೂ ಅನುಕೂಲ.

ನಕ್ಷೆ, ನೋಟಿಸು, ಕೆಲಸ ಎಲ್ಲ ಸೇರಿದರೆ ಈ ಬೇಸಿಗೆಗೆ ಮುಗಿಯುವುದಿಲ್ಲ, ಅವಸರ ಮಾಡಬೇಡಿ. ಈ ಸಲ ಅವರಿಗೆ ಹಿಂದಿನ ಕೋಣೆ ಕೊಟ್ಟು, ಮಗುವನ್ನು ನಿಮ್ಮ ಕೋಣೆಗೆ ಕರೆದುಕೊಳ್ಳಿ. ಸದ್ಯಕ್ಕೆ ಶನಿವಾರ ಟಾರ್ಚು, ಅಳತೆ ಟೇಪು ಹಿಡಿದು ಅಟ್ಟ ಹತ್ತಿ, ಜಂತಿಯ ಮೇಲಿನಿಂದ ಮಾಡಿನ ನೆತ್ತಿಯವರೆಗೆ ಎಷ್ಟಿದೆ ಎಂದು ನೋಡಿ ನನಗೆ ಬರೆಯಿರಿ. 2.2 ಮೀಟರಿಗಿಂತ ಕಡಿಮೆ ಇದ್ದರೆ ಹೊಸ ನೆಲ, ಇನ್ಸುಲೇಷನ್ ಸೇರಿದ ಮೇಲೆ ತಲೆಯೆತ್ತಿ ನಿಲ್ಲಲು ಕಷ್ಟ, ಆಗ ಬೇರೆ ಯೋಚನೆ ಮಾಡೋಣ. ಹೆಜ್ಜೆಯನ್ನು ಜಂತಿಯ ಮೇಲೆ ಮಾತ್ರ ಇಡಿ. ಎರಡರ ನಡುವೆ ಕಾಲಿಟ್ಟರೆ ಅದು ಕೆಳಗಿನ ಸೀಲಿಂಗನ್ನು ತೂರಿಕೊಂಡು ಹೋಗುತ್ತದೆ.